ಸತು, ಸೆಲೆನಿಯಂ ಮಾತ್ರೆ ನುಂಗಿದರೆ ಪ್ರಾಸ್ಟೇಟ್ ಕ್ಯಾನ್ಸರ್ ಬರುವುದಿಲ್ಲವೇ?

ಓದುಗರ ಪ್ರಶ್ನೆ: "ಡಾಕ್ಟ್ರೇ, ನನಗೆ 57 ವರ್ಷ. ತುಮಕೂರಿನ ಹತ್ತಿರ ನಮ್ಮೂರು. ನಮ್ಮ ತಂದೆ 74ನೇ ವಯಸ್ಸಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಹೋದ ವರ್ಷ ನಮ್ಮಣ್ಣನಿಗೂ ಅದೇ ಕಾಯಿಲೆ ಅಂತ ಗೊತ್ತಾಯಿತು, ಅವರಿಗೆ 63. ಅಮೆರಿಕದಲ್ಲಿರುವ ಮಗ ಗಾಬರಿಯಾಗಿ ಪ್ರಾಸ್ಟೇಟ್ ಆರೋಗ್ಯಕ್ಕೆ ಎಂದು ಬರೆದಿರುವ ಒಂದು ದೊಡ್ಡ ಡಬ್ಬಿ ಕಳಿಸಿದ್ದಾನೆ. ಅದರಲ್ಲಿ ಸತು (ಜಿಂಕ್) 30 ಮಿಲಿಗ್ರಾಂ, ಸೆಲೆನಿಯಂ 200 ಮೈಕ್ರೋಗ್ರಾಂ, ವಿಟಮಿನ್ ಇ 400 ಐಯು ಅಂತಿದೆ. ಎಂಟು ತಿಂಗಳಿಂದ ತಗೊಳ್ಳುತ್ತಿದ್ದೇನೆ. ಇದರ ಜೊತೆ ಒಂದು ಮಲ್ಟಿವಿಟಮಿನ್, ಅದರಲ್ಲೂ ಸತು 22 ಮಿಲಿಗ್ರಾಂ, ಸೆಲೆನಿಯಂ 60 ಮೈಕ್ರೋಗ್ರಾಂ ಇದೆ. ಕೊರೊನಾ ಕಾಲದಿಂದ ಬಿಡದೆ ಜಿಂಕ್ 50ರ ಮಾತ್ರೆ. ಮಂಡಿನೋವಿಗೆ ಕ್ಯಾಲ್ಸಿಯಂ 500, ಎರಡು ಹೊತ್ತು. ಈಗ ವಾಟ್ಸಾಪ್‌ನಲ್ಲಿ ಹಾಲು, ಕ್ಯಾಲ್ಸಿಯಂ ಎರಡೂ ಪ್ರಾಸ್ಟೇಟ್‌ಗೆ ಕೆಟ್ಟದ್ದು ಅಂತ ಬಂದಿದೆ. ಹಾಗಾದರೆ ರಾಗಿಮುದ್ದೆಯನ್ನೂ ಬಿಡಬೇಕಾ? ಕುಂಬಳಬೀಜ ದಿನಾ ತಿನ್ನುತ್ತೇನೆ. ರಾತ್ರಿ ಎರಡು ಸಲ ಮೂತ್ರಕ್ಕೆ ಏಳುತ್ತೇನೆ. ಎರಡು ವರ್ಷದ ಹಿಂದೆ ಪ್ರಾಸ್ಟೇಟ್‌ನ ರಕ್ತಪರೀಕ್ಷೆ ಪಿಎಸ್‌ಎ 2.9 ಇತ್ತು, ನಾರ್ಮಲ್ ಅಂದರು. ಖನಿಜಾಂಶ ಸರಿಯಾಗಿದ್ದರೆ ಈ ಕ್ಯಾನ್ಸರ್ ತಡೆಯಬಹುದಾ? ಬಿಡಿಸಿ ಹೇಳಿ."

ಉತ್ತರ: ನಿಮ್ಮ ಪತ್ರ ಓದಿ ಮೊದಲು ಮಾಡಿದ ಕೆಲಸ, ಒಂದು ಚೀಟಿಯಲ್ಲಿ ಕೂಡಿಸಿದ್ದು. ಡಬ್ಬಿಯ ಸತು 30, ಮಲ್ಟಿವಿಟಮಿನ್‌ನದು 22, ಬಿಡಿ ಮಾತ್ರೆ 50. ಒಟ್ಟು 102 ಮಿಲಿಗ್ರಾಂ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲಿ ಗಂಡಸರಿಗೆ ಹೇಳಿರುವುದು ದಿನಕ್ಕೆ 17. ಅಂದರೆ ಊಟದ ಲೆಕ್ಕ ಬಿಟ್ಟೇ ಆರು ಪಟ್ಟು. ಮೂರು ಮಾತ್ರೆಗಳನ್ನು ಮೂರು ಜನ ಹೇಳಿದ್ದಾರೆ, ಮೂರನ್ನೂ ಒಟ್ಟಿಗಿಟ್ಟು ಯಾರೂ ನೋಡಿಲ್ಲ.

ಇದು ನಿಮ್ಮೊಬ್ಬರ ಕಥೆಯಲ್ಲ. ಯೂರಾಲಜಿ (ಮೂತ್ರರೋಗ) ಓಪಿಡಿಯಲ್ಲಿ ನಾನು ಕೂರಲು ಶುರು ಮಾಡಿ ಇಪ್ಪತ್ತು ವರ್ಷ ದಾಟಿತು. ಏನೇನು ಮಾತ್ರೆ ತಗೊಳ್ತೀರಿ ಅಂದರೆ ಎಲ್ಲರೂ ಬಿಪಿದು, ಶುಗರ್‌ದು ಹೇಳಿ ನಿಲ್ಲಿಸುತ್ತಾರೆ. ಆಮೇಲೆ ಜೊತೆಗೆ ಬಂದ ಹೆಂಡತಿ ಬ್ಯಾಗಿನಿಂದ ಪ್ಲಾಸ್ಟಿಕ್ ಕವರ್ ತೆಗೆದು ಮೇಜಿನ ಮೇಲೆ ಸುರಿಯುತ್ತಾರೆ. ಅರ್ಧ ಹರಿದ ಸ್ಟ್ರಿಪ್ಪುಗಳು, ವಿದೇಶದ ಡಬ್ಬಿ, ಯಾರೋ ಕೊಟ್ಟ ಪುಡಿ. "ಇದೆಲ್ಲ ಔಷಧಿ ಅಲ್ಲ ಡಾಕ್ಟ್ರೇ, ಸುಮ್ನೆ ಶಕ್ತಿಗೆ" ಅಂತ ಒಂದು ಮಾತು ಬೇರೆ.

ನಿಮ್ಮ ಮುಖ್ಯ ಪ್ರಶ್ನೆಗೆ ನೇರ ಉತ್ತರ ಇಷ್ಟೇ. ಮೈಯಲ್ಲಿ ಕೊರತೆ ಇಲ್ಲದ ಗಂಡಸು ಸತು, ಸೆಲೆನಿಯಂ, ಕ್ಯಾಲ್ಸಿಯಂ, ಯಾವುದನ್ನೇ ಮಾತ್ರೆಯಾಗಿ ಜಾಸ್ತಿ ತಗೊಂಡರೂ ಪ್ರಾಸ್ಟೇಟ್, ಅಂದರೆ ಮೂತ್ರಕೋಶದ ಕೆಳಗಿನ ಗ್ರಂಥಿಯ, ಕ್ಯಾನ್ಸರ್ ತಡೆಯುತ್ತದೆ ಅನ್ನೋದಕ್ಕೆ ಪುರಾವೆ ಇಲ್ಲ. ಕೆಲವು ಸಲ ಉಲ್ಟಾ ಹೊಡೆದಿದ್ದಕ್ಕೆ ಪುರಾವೆ ಇದೆ. ಆದರೆ ನಿಮ್ಮ ಮಗ ಓದಿದ್ದು ಪೂರ್ತಿ ಗಾಳಿಮಾತೂ ಅಲ್ಲ, ಹಾಗಾಗಿ ಅವನನ್ನು ಬೈಯಬೇಡಿ. ಈ ನಂಬಿಕೆ ಹುಟ್ಟಿದ್ದು ಎಲ್ಲಿಂದ ಅಂತ ಹೇಳುತ್ತೇನೆ.

ಸೆಲೆನಿಯಂ ಕಥೆ ಸ್ವಾರಸ್ಯವಾಗಿದೆ. ಅಮೆರಿಕದ ಪೂರ್ವ ಭಾಗದ ಕೆಲವು ಕಡೆ ಮಣ್ಣಿನಲ್ಲಿ ಸೆಲೆನಿಯಂ ಕಡಿಮೆ. ಅಲ್ಲಿ ಚರ್ಮದ ಕ್ಯಾನ್ಸರ್ ಒಮ್ಮೆ ಬಂದು ಹೋದ 1,312 ಜನರನ್ನು ಆರಿಸಿ, ಅರ್ಧ ಜನಕ್ಕೆ ದಿನಕ್ಕೆ 200 ಮೈಕ್ರೋಗ್ರಾಂ ಸೆಲೆನಿಯಂ, ಇನ್ನರ್ಧಕ್ಕೆ ಬರೀ ಹುಸಿ ಮಾತ್ರೆ ಕೊಟ್ಟರು. ನೋಡಬೇಕಿದ್ದದ್ದು ಚರ್ಮದ ಕ್ಯಾನ್ಸರ್ ಮರಳಿ ಬರುತ್ತದೋ ಇಲ್ಲವೋ ಅಂತ. 1996ರಲ್ಲಿ ಫಲಿತಾಂಶ ಬಂತು. ಚರ್ಮದ ಕ್ಯಾನ್ಸರ್ ಕಡಿಮೆ ಆಗಿರಲಿಲ್ಲ. ಆದರೆ ಯಾರೂ ಎದುರು ನೋಡದ ಕಡೆ, ಸೆಲೆನಿಯಂ ತಗೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ 63 ಶೇಕಡಾ ಕಡಿಮೆ ಕಂಡಿತು. ಅಷ್ಟು ಸಾಕಾಯಿತು, ಡಬ್ಬಿಗಳು ಅಂಗಡಿಗೆ ಬಂದವು. ಲಾಭ ಕಂಡಿದ್ದು ರಕ್ತದಲ್ಲಿ ಮೊದಲೇ ಸೆಲೆನಿಯಂ ಕಡಿಮೆ ಇದ್ದವರಲ್ಲಿ ಎಂಬ ಮಾತು ಲೇಬಲ್ ಮೇಲೆ ಬರಲಿಲ್ಲ, ಬಿಡಿ.

ಇದು ನಿಜವಾ ಅಂತ ಪರೀಕ್ಷಿಸಲು 2001ರಲ್ಲಿ ಸೆಲೆಕ್ಟ್ ಎಂಬ ದೊಡ್ಡ ಪ್ರಯೋಗ ಶುರುವಾಯಿತು. ಅಮೆರಿಕ, ಕೆನಡಾ, ಪೋರ್ಟೊರಿಕೊ ಸೇರಿ 35,533 ಗಂಡಸರು. ಕೆಲವರಿಗೆ ಸೆಲೆನಿಯಂ 200 ಮೈಕ್ರೋಗ್ರಾಂ, ಕೆಲವರಿಗೆ ವಿಟಮಿನ್ ಇ 400 ಐಯು, ಕೆಲವರಿಗೆ ಎರಡೂ, ಉಳಿದವರಿಗೆ ಹುಸಿ ಮಾತ್ರೆ. ಈಗ ನಿಮ್ಮ ಡಬ್ಬಿ ತಿರುಗಿಸಿ ನೋಡಿ. ಅದೇ 200, ಅದೇ 400. ಡಬ್ಬಿ ಮಾಡಿದವರು ಪ್ರಯೋಗದ ಡೋಸನ್ನು ಹಾಗೇ ಇಳಿಸಿಕೊಂಡಿದ್ದಾರೆ, ಪ್ರಯೋಗದ ಫಲಿತಾಂಶ ಮಾತ್ರ ಬಿಟ್ಟಿದ್ದಾರೆ.

ಫಲಿತಾಂಶ ಏನಾಯಿತು? ಲಾಭ ಕಾಣದೆ 2008ರ ಅಕ್ಟೋಬರ್‌ನಲ್ಲಿ, ಅವಧಿಗೆ ಮೊದಲೇ ಮಾತ್ರೆ ನಿಲ್ಲಿಸಿದರು. ಜನರನ್ನು ಮಾತ್ರ ಗಮನಿಸುತ್ತಾ ಹೋದರು. 2011ರ ಲೆಕ್ಕದಲ್ಲಿ ಹುಸಿ ಮಾತ್ರೆ ತಗೊಂಡವರಲ್ಲಿ 529 ಜನಕ್ಕೆ, ಬರೀ ವಿಟಮಿನ್ ಇ ತಗೊಂಡವರಲ್ಲಿ 620 ಜನಕ್ಕೆ ಪ್ರಾಸ್ಟೇಟ್ ಕ್ಯಾನ್ಸರ್ ಬಂದಿತ್ತು. ಶೇಕಡಾ 17 ಜಾಸ್ತಿ. 2014ರಲ್ಲಿ ಇನ್ನೊಂದು ವಿಷಯ ಹೊರಬಂತು. ಶುರುವಿನಲ್ಲೇ ಮೈಯಲ್ಲಿ ಸೆಲೆನಿಯಂ ಚೆನ್ನಾಗಿದ್ದವರು ಮೇಲೆ ಮಾತ್ರೆಯನ್ನೂ ತಗೊಂಡಾಗ, ಜೋರು ಜಾತಿಯ ಪ್ರಾಸ್ಟೇಟ್ ಕ್ಯಾನ್ಸರ್ ಸುಮಾರು ಎರಡು ಪಟ್ಟಾಗಿತ್ತು. ಆಗಲೇ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದವರನ್ನು ಗಮನಿಸಿದ ಮತ್ತೊಂದು ಅಧ್ಯಯನದಲ್ಲಿ, ದಿನಕ್ಕೆ 140 ಮೈಕ್ರೋಗ್ರಾಂಗಿಂತ ಜಾಸ್ತಿ ಸೆಲೆನಿಯಂ ಮಾತ್ರೆ ತಗೊಳ್ಳುತ್ತಿದ್ದವರಲ್ಲಿ ಆ ಕ್ಯಾನ್ಸರ್‌ನಿಂದಲೇ ಸಾಯುವ ಸಂಭವ ಜಾಸ್ತಿ ಕಂಡಿತು. ಹಾಗಾಗಿ ಒಂದು ಮಾತು: ಇದೇ ಡಬ್ಬಿಯಲ್ಲಿ ಅರ್ಧ ನಿಮ್ಮಣ್ಣನಿಗೂ ಕೊಟ್ಟಿದ್ದರೆ ಇವತ್ತೇ ಫೋನ್ ಮಾಡಿ ನಿಲ್ಲಿಸಲು ಹೇಳಿ.

ಸೆಲೆನಿಯಂ ಮಣ್ಣಿನಿಂದ ಬೆಳೆಗೆ, ಬೆಳೆಯಿಂದ ನಮಗೆ ಬರುವಂಥದ್ದು, ಆದ್ದರಿಂದ ಊರು ಬದಲಾದರೆ ಲೆಕ್ಕವೇ ಬದಲಾಗುತ್ತದೆ. ಚೀನಾದ ಕೆಶಾನ್ ಕಡೆ ಮಣ್ಣಿನಲ್ಲಿ ತೀರಾ ಕಡಿಮೆಯಾಗಿ ಮಕ್ಕಳಿಗೆ, ಹೆಂಗಸರಿಗೆ ಹೃದಯದ ಕಾಯಿಲೆ ಬರುತ್ತಿತ್ತು. ನಮ್ಮ ಪಂಜಾಬಿನ ಹೋಶಿಯಾರ್‌ಪುರ, ನವಾಂಶಹರ್ ಕಡೆಯ ಕೆಲವು ಹಳ್ಳಿಗಳಲ್ಲಿ ಜಾಸ್ತಿಯಾಗಿ ದನಗಳ ಗೊರಸು ಬಿರಿಯುತ್ತವೆ, ಜನರ ಉಗುರು ಕೆಡುತ್ತದೆ. ದಿನದ ಅಗತ್ಯ 40 ಮೈಕ್ರೋಗ್ರಾಂ ಅಂತ ಐಸಿಎಂಆರ್ ಹೇಳುತ್ತದೆ. ನೀವು ಮಾತ್ರೆಯಿಂದಲೇ 260 ತಗೊಳ್ಳುತ್ತಿದ್ದೀರಿ. ಯುರೋಪಿನವರು 2023ರಲ್ಲಿ ಊಟ, ಮಾತ್ರೆ ಎಲ್ಲ ಸೇರಿ 255 ದಾಟಬಾರದು ಅಂತ ಗೆರೆ ಹಾಕಿದ್ದಾರೆ. ಉಗುರಿನ ಮೇಲೆ ಬಿಳಿ ಗೆರೆ, ಉಗುರು ಪುಡಿಪುಡಿಯಾಗುವುದು, ಕೂದಲು ಉದುರುವುದು, ತಿನ್ನದೇ ಇದ್ದರೂ ಉಸಿರಿನಲ್ಲಿ ಬೆಳ್ಳುಳ್ಳಿ ವಾಸನೆ, ಇವು ಸೆಲೆನಿಯಂ ಜಾಸ್ತಿಯಾದ ಗುರುತುಗಳು. ಕನ್ನಡಿ ಮುಂದೆ ನಿಂತು ಒಮ್ಮೆ ನೋಡಿಕೊಳ್ಳಿ.

ಇನ್ನು ಸತು. ಇದರ ಹಿಂದಿನ ತರ್ಕ ಕೇಳಲು ಬಹಳ ಚೆನ್ನಾಗಿದೆ, ನಾನೂ ಓದುವ ಕಾಲದಲ್ಲಿ ನಂಬಿದ್ದೆ. ಮೈಯ ಮೆತ್ತನೆ ಅಂಗಗಳಲ್ಲಿ ಸತು ಅತಿ ಜಾಸ್ತಿ ಇರುವ ಜಾಗಗಳಲ್ಲಿ ಪ್ರಾಸ್ಟೇಟ್ ಒಂದು. ಕ್ಯಾನ್ಸರ್ ಬಂದ ಭಾಗದಲ್ಲಿ ಅದೇ ಸತು ಅರ್ಧಕ್ಕಿಂತ ಕೆಳಗಿಳಿದಿರುತ್ತದೆ. ಇದು ಪೂರ್ತಿ ನಿಜ. ಹಾಗಾದರೆ ಸತು ತಿಂದರೆ ಸರಿಹೋಗಬೇಕಲ್ವಾ ಅಂತ ಯಾರಿಗಾದರೂ ಅನಿಸುತ್ತದೆ.

ಅಲ್ಲೇ ಎಡವುವುದು. ಪ್ರಾಸ್ಟೇಟ್ ಜೀವಕೋಶ ರಕ್ತದಿಂದ ಸತುವನ್ನು ಒಳಗೆ ಎಳೆದುಕೊಳ್ಳಲು ತನ್ನದೇ ಬಾಗಿಲು ಇಟ್ಟುಕೊಂಡಿರುತ್ತದೆ. ಒಳಗೆ ತುಂಬಿದ ಸತು ಒಂದು ಕಿಣ್ವವನ್ನು ತಡೆದು ಹಿಡಿಯುತ್ತದೆ, ಅದರಿಂದ ವೀರ್ಯಕ್ಕೆ ಬೇಕಾದ ಸಿಟ್ರೇಟ್ ಶೇಖರವಾಗುತ್ತದೆ. ಆ ಜೀವಕೋಶ ಕ್ಯಾನ್ಸರ್ ಕಡೆಗೆ ತಿರುಗಿದಾಗ ಸತುವಿನ ಬಾಗಿಲನ್ನೇ ಮುಚ್ಚಿಕೊಳ್ಳುತ್ತದೆ, ಸಿಟ್ರೇಟ್ ಕೂಡಿಡುವುದು ಬಿಟ್ಟು ಅದನ್ನೇ ಉರಿಸಿ ತಾನು ಬೆಳೆಯುತ್ತದೆ. ಅಂದರೆ ಅಲ್ಲಿ ಸತು ಕಡಿಮೆಯಾಗಿರುವುದು ನೀವು ತಿನ್ನುವುದು ಸಾಲದೆ ಅಲ್ಲ, ಬಾಗಿಲು ಮುಚ್ಚಿರುವುದರಿಂದ. ಹೊರಗೆ ಎಷ್ಟು ಮೂಟೆ ತಂದಿಳಿಸಿದರೂ ಒಳಗೆ ಹೋಗಬೇಕಲ್ಲ.

ಜಾಸ್ತಿ ತಗೊಂಡರೆ ನಷ್ಟವೇನು? ಅಮೆರಿಕದಲ್ಲಿ 46,974 ಗಂಡಸರನ್ನು 14 ವರ್ಷ ಗಮನಿಸಿದ ಅಧ್ಯಯನ 2003ರಲ್ಲಿ ಬಂತು. ಅದರಲ್ಲಿ ಮಾತ್ರೆಯಿಂದ ದಿನಕ್ಕೆ 100 ಮಿಲಿಗ್ರಾಂವರೆಗೆ ಸತು ತಗೊಂಡವರಲ್ಲಿ ವ್ಯತ್ಯಾಸ ಕಾಣಲಿಲ್ಲ. 100 ದಾಟಿದವರಲ್ಲಿ ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರ್ ಎರಡು ಪಟ್ಟಿಗಿಂತ ಜಾಸ್ತಿ ಇತ್ತು. ಇದು ಜನರನ್ನು ಸುಮ್ಮನೆ ಗಮನಿಸಿದ ಅಧ್ಯಯನ, ಅಷ್ಟೊಂದು ಮಾತ್ರೆ ನುಂಗುವವರಲ್ಲಿ ಬೇರೆ ಏನೋ ಕಾರಣವೂ ಇದ್ದಿರಬಹುದು, ಆದ್ದರಿಂದ ಸತುವೇ ಕ್ಯಾನ್ಸರ್ ತಂದಿತು ಅಂತ ನಾನು ಹೇಳುವುದಿಲ್ಲ. ಆದರೆ ನಿಮ್ಮ ಚೀಟಿಯ ಮೊತ್ತ 102 ಅಂತ ನೆನಪಿರಲಿ. ಕ್ಯಾನ್ಸರ್ ಮಾತು ಬಿಟ್ಟರೂ ಇನ್ನೊಂದು ಖಚಿತ ತೊಂದರೆ ಇದೆ. ಸತು ಜಾಸ್ತಿಯಾದರೆ ಕರುಳು ತಾಮ್ರವನ್ನು ಹೀರಿಕೊಳ್ಳುವುದಿಲ್ಲ. ತಿಂಗಳುಗಟ್ಟಲೆ ಹೀಗಾದರೆ ರಕ್ತಹೀನತೆ, ಬಿಳಿ ರಕ್ತಕಣ ಇಳಿಯುವುದು, ಪಾದ ಜುಮ್ಮೆನ್ನುವುದು, ನಡೆಯುವಾಗ ತೂರಾಡಿದ ಹಾಗಾಗುವುದು. ಎಷ್ಟೋ ಸಲ ಇದನ್ನು ಶುಗರ್‌ನಿಂದ ಬಂದ ನರದೌರ್ಬಲ್ಯ ಅಂದುಕೊಂಡು ಅದಕ್ಕೆ ಇನ್ನೊಂದು ಮಾತ್ರೆ ಸೇರಿಸುತ್ತಾರೆ.

ಇಲ್ಲೊಂದು ಸಣ್ಣ ವಿಷಯ, ನನ್ನ ಓಪಿಡಿಯಲ್ಲಿ ಪದೇ ಪದೇ ಕಾಣುವಂಥದ್ದು. ಮೂತ್ರದ ಸೋಂಕಿಗೆ ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಥರದ ಮಾತ್ರೆ ಬರೆದಿರುತ್ತೇವೆ. ನಾಲ್ಕು ದಿನವಾದರೂ ಜ್ವರ ಬಿಟ್ಟಿರುವುದಿಲ್ಲ. ಕೇಳಿದರೆ ಬೆಳಗ್ಗೆ ತಿಂಡಿಯಾದ ಮೇಲೆ ಆ್ಯಂಟಿಬಯಾಟಿಕ್, ಕ್ಯಾಲ್ಸಿಯಂ, ಜಿಂಕ್ ಮೂರನ್ನೂ ಒಂದೇ ಗುಟುಕಿಗೆ ನುಂಗಿರುತ್ತಾರೆ. ಈ ಖನಿಜಗಳು ಹೊಟ್ಟೆಯಲ್ಲೇ ಔಷಧಿಯನ್ನು ಹಿಡಿದುಕೊಂಡುಬಿಡುತ್ತವೆ, ರಕ್ತಕ್ಕೆ ಸೇರುವುದೇ ಕಡಿಮೆ. ಅಂಥ ಔಷಧಿ ನಡೆಯುವಷ್ಟು ದಿನ ಖನಿಜದ ಮಾತ್ರೆಗೆ ರಜೆ ಕೊಡುವುದು ಸುಲಭ.

ಕ್ಯಾಲ್ಸಿಯಂ ಬಗ್ಗೆ ವಾಟ್ಸಾಪ್ ಸಂದೇಶ ಅರ್ಧ ಸತ್ಯ. ಹಾಲು ಮತ್ತು ಅದರ ಪದಾರ್ಥ ತುಂಬಾ ಜಾಸ್ತಿ ತಗೊಳ್ಳುವ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಸ್ವಲ್ಪ ಜಾಸ್ತಿ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯವರು ಎಲ್ಲವನ್ನೂ ಅಳೆದು 2018ರಲ್ಲಿ ಹೇಳಿದ್ದು, ಪುರಾವೆ ಸೀಮಿತ, ಸೂಚನೆಯ ಮಟ್ಟದ್ದು ಅಂತ. ಅಮೆರಿಕದ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಥದ ಗಂಡಸರ ಮೇಲೆ ನಡೆದು 2022ರಲ್ಲಿ ಬಂದ ಅಧ್ಯಯನ ನಿಮಗೆ ಹೆಚ್ಚು ಕೆಲಸಕ್ಕೆ ಬರುತ್ತದೆ. ದಿನಕ್ಕೆ 430 ಗ್ರಾಂ ಹಾಲು ಕುಡಿಯುವವರಲ್ಲಿ, ಬರೀ 20 ಗ್ರಾಂನಷ್ಟು ಕುಡಿಯುವವರಿಗಿಂತ ಅಪಾಯ ಸುಮಾರು ಕಾಲು ಭಾಗ ಜಾಸ್ತಿ ಇತ್ತು. ಹಾಲಿನಿಂದಲ್ಲದೆ ಬೇರೆ ಆಹಾರದಿಂದ ಬಂದ ಕ್ಯಾಲ್ಸಿಯಂಗೂ ಕ್ಯಾನ್ಸರ್‌ಗೂ ಸಂಬಂಧವೇ ಕಾಣಲಿಲ್ಲ.

ಹಾಗಾಗಿ ಮುದ್ದೆ ಬಿಡಬೇಡಿ ಸ್ವಾಮಿ. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಜೊತೆಗೇ ಖನಿಜಗಳನ್ನು ಹಿಡಿದಿಡುವ ಫೈಟೇಟ್ ಎಂಬ ವಸ್ತು ಇರುವುದರಿಂದ ಮೈಗೆ ಸೇರುವುದು ಅದಕ್ಕಿಂತ ಕಡಿಮೆ. ಆ ಫೈಟೇಟ್ ಸತುವನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಆದರೆ ಅದಕ್ಕೆ ನಮ್ಮ ಅಡುಗೆಮನೆಯಲ್ಲೇ ಉಪಾಯ ಇದೆ. ಕಾಳು ಮೊಳಕೆ ಕಟ್ಟುವುದು, ಹಿಟ್ಟು ಹುದುಗಿಸುವುದು, ಎರಡರಿಂದಲೂ ಫೈಟೇಟ್ ಇಳಿಯುತ್ತದೆ. ಮೊಳಕೆ ಹುರುಳಿಕಾಳಿನ ಸಾರು, ಬಸ್ಸಾರು, ಇಡ್ಲಿ, ವಾರದಲ್ಲಿ ಒಂದೆರಡು ಸಲ ಮೀನೋ ಮೊಟ್ಟೆಯೋ ಇದ್ದರೆ ನಿಮ್ಮ ವಯಸ್ಸಿನ ಆರೋಗ್ಯವಂತರಿಗೆ ಸತು, ಸೆಲೆನಿಯಂ ಬಗ್ಗೆ ಚಿಂತೆ ಬೇಡ. ಬೆಳಗ್ಗೆ ಕಾಫಿ, ಊಟಕ್ಕೆ ಮಜ್ಜಿಗೆ ಇದ್ದರೆ ಇರಲಿ. ದಿನಕ್ಕೆ ಲೀಟರ್‌ಗಟ್ಟಲೆ ಹಾಲು ಕುಡಿಯುವವರಾಗಿದ್ದರೆ ಇಳಿಸಿ ಅಂತಿದ್ದೆ. ನಾನು ಪ್ರಶ್ನೆ ಮಾಡುವುದು ಆ ಎರಡು ಹೊತ್ತಿನ ಕ್ಯಾಲ್ಸಿಯಂ ಮಾತ್ರೆಯನ್ನು. ಮಂಡಿ ಸವೆದು ಬರುವ ನೋವಿಗೆ ಅದರಿಂದ ಉಪಯೋಗ ಇಲ್ಲ. ಗಂಡಸರಿಗೆ ದಿನಕ್ಕೆ 1000 ಮಿಲಿಗ್ರಾಂ ಸಾಕು, ನೀವು ಅಷ್ಟನ್ನೂ ಮಾತ್ರೆಯಲ್ಲೇ ತಗೊಂಡು ಮೇಲೆ ಊಟದ್ದನ್ನು ಸೇರಿಸುತ್ತಿದ್ದೀರಿ. ಕಿಡ್ನಿಕಲ್ಲಿನ ಅಪಾಯ ಬೇರೆ. ಆದರೆ ಮೂಳೆ ಸವಕಳಿ ಇದೆ ಅಂತ ಪರೀಕ್ಷೆ ಮಾಡಿ ಕೊಟ್ಟಿದ್ದರೆ ಮಾತ್ರ ನೀವಾಗಿ ನಿಲ್ಲಿಸಬೇಡಿ, ಕೊಟ್ಟ ಡಾಕ್ಟರನ್ನು ಕೇಳಿ. ನಿಮ್ಮಣ್ಣನಿಗೆ ಹಾರ್ಮೋನ್ ಇಳಿಸುವ ಇಂಜೆಕ್ಷನ್ ನಡೆಯುತ್ತಿದ್ದರೆ ಅವರ ಲೆಕ್ಕವೂ ಬೇರೆ. ಆ ಚಿಕಿತ್ಸೆಯಲ್ಲಿ ಮೂಳೆ ತೆಳುವಾಗುತ್ತದೆ, ಅವರಿಗೆ ಕ್ಯಾಲ್ಸಿಯಂ ಬೇಕಾಗಬಹುದು.

ಕುಂಬಳಬೀಜ ತಿನ್ನಿ, ತೊಂದರೆ ಇಲ್ಲ. ಒಂದು ಹಿಡಿಯಲ್ಲಿ ಸತು ಎರಡು ಮಿಲಿಗ್ರಾಂ ಆಸುಪಾಸು. ಕ್ಯಾನ್ಸರ್ ತಡೆಯುತ್ತದೆ ಅಂತ ತಿನ್ನಬೇಡಿ, ರುಚಿಯಾಗಿದೆ ಅಂತ ತಿನ್ನಿ.

ಇನ್ನು ಈ ಮಾತ್ರೆಗಳ ಗಲಾಟೆಯಲ್ಲಿ ಮರೆಯಾಗಿರುವ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಸತು ಅಲ್ಲ, ನಿಮ್ಮಣ್ಣ. ಅಪ್ಪನಿಗೋ ಅಣ್ಣತಮ್ಮನಿಗೋ ಒಬ್ಬರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬಂದಿದ್ದರೆ ಅಪಾಯ ಸುಮಾರು ಎರಡು ಪಟ್ಟು. ಇಬ್ಬರಿಗೆ ಬಂದಿದ್ದರೆ ಇನ್ನೂ ಜಾಸ್ತಿ, ಅದರಲ್ಲೂ ಅಣ್ಣನಿಗೆ ಬಂದಿರುವುದಕ್ಕೆ ತೂಕ ಹೆಚ್ಚು. ನಿಮ್ಮ ಪಿಎಸ್‌ಎ 2.9 ಬಂದದ್ದು ಎರಡು ವರ್ಷದ ಹಿಂದೆ, ಆಗ ಅಣ್ಣನ ವಿಷಯ ಗೊತ್ತಿರಲಿಲ್ಲ. ಲ್ಯಾಬಿನ ಕಾಗದದಲ್ಲಿ 4ರ ಒಳಗೆ ನಾರ್ಮಲ್ ಅಂತ ಅಚ್ಚಾಗಿರುತ್ತದೆ, ಹಾಗಾಗಿ ಯಾರೋ ನಾರ್ಮಲ್ ಅಂದರು. ನಿಮ್ಮ ಮನೆತನಕ್ಕೆ ಆ ಒಂದು ಅಂಕಿ ಸಾಲದು, ಅದು ಏರುತ್ತಿದೆಯೋ ನಿಂತಿದೆಯೋ ನೋಡಬೇಕು. ಎಂಟು ತಿಂಗಳು ತಪ್ಪದೆ ಡಬ್ಬಿ ತೆರೆದಿದ್ದೀರಿ, ರಕ್ತಪರೀಕ್ಷೆ ಮಾತ್ರ ಎರಡು ವರ್ಷದಿಂದ ಆಗಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಭಯ ಇರುವವರು ಹೆಚ್ಚಿನವರು ಹೀಗೇ ಮಾಡುತ್ತಾರೆ. ಮಾತ್ರೆ ನುಂಗಿದರೆ ಏನೋ ಮಾಡಿದ ಸಮಾಧಾನ ಸಿಗುತ್ತದೆ, ಪರೀಕ್ಷೆ ಅಂದರೆ ಎದೆ ಹೊಡೆದುಕೊಳ್ಳುತ್ತದೆ.

ರಾತ್ರಿ ಎರಡು ಸಲ ಏಳುವುದನ್ನು ಇದಕ್ಕೆ ಸೇರಿಸಿ ಹೆದರಬೇಡಿ. ವಯಸ್ಸಾದ ಮೇಲೆ ಪ್ರಾಸ್ಟೇಟ್ ದಪ್ಪಗಾಗುವುದು ಮೂತ್ರನಾಳದ ಸುತ್ತಲಿನ ಒಳಭಾಗದಲ್ಲಿ. ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಹೊರಅಂಚಿನಲ್ಲಿ. ದಪ್ಪಗಾದದ್ದೇ ಮುಂದೆ ಕ್ಯಾನ್ಸರ್ ಆಗುವುದಿಲ್ಲ. ಅಂಚಿನಲ್ಲಿ ಶುರುವಾದ ಕ್ಯಾನ್ಸರ್ ಬಹಳ ದಿನ ಯಾವ ತೊಂದರೆಯನ್ನೂ ಕೊಡುವುದಿಲ್ಲ, ಅದಕ್ಕೇ ತೊಂದರೆ ಬಂದಾಗ ನೋಡೋಣ ಅಂತ ಕಾಯುವ ಹಾಗಿಲ್ಲ.

ಪಿಎಸ್‌ಎ ಪರೀಕ್ಷೆಗೂ ತನ್ನದೇ ತೊಡಕುಗಳಿವೆ, ಮುಚ್ಚಿಡುವುದಿಲ್ಲ. ಸೋಂಕಿದ್ದರೂ ಏರುತ್ತದೆ, ಪ್ರಾಸ್ಟೇಟ್ ದಪ್ಪಗಿದ್ದರೂ ಏರುತ್ತದೆ. ಏರಿದೆ ಅಂತ ತಕ್ಷಣ ಬಯಾಪ್ಸಿಗೆ (ಸೂಜಿಯಿಂದ ಚೂರು ತೆಗೆದು ನೋಡುವ ಪರೀಕ್ಷೆ) ಓಡಬೇಕಿಲ್ಲ. ಕೆಲವು ವಾರ ಬಿಟ್ಟು ಇನ್ನೊಮ್ಮೆ ನೋಡಿ, ಆಗಲೂ ಜಾಸ್ತಿ ಇದ್ದರೆ ಎಂಆರ್‌ಐ ಮಾಡಿಸಿ, ಅನುಮಾನದ ಜಾಗ ಕಂಡರೆ ಅಲ್ಲಿಂದ ಬಯಾಪ್ಸಿ ತೆಗೆಯುವುದು ಈಗಿನ ರೂಢಿ. ಬಯಾಪ್ಸಿಯಿಂದ ಕೆಲವರಿಗೆ ರಕ್ತಸ್ರಾವ, ಸೋಂಕು ಆಗುತ್ತದೆ. ಇನ್ನೊಂದು ಅಪಾಯ, ಜೀವನಪೂರ್ತಿ ತೊಂದರೆ ಕೊಡದೆ ಮಲಗಿರುತ್ತಿದ್ದ ಸಣ್ಣ ಕ್ಯಾನ್ಸರ್ ಸಿಕ್ಕಿ, ಬೇಡದ ಆಪರೇಷನ್‌ಗೆ ಹೋಗುವುದು. ಅಂಥ ನಿಧಾನ ಜಾತಿಯದಾದರೆ ಕತ್ತರಿಸದೆ, ಆಗಾಗ ಪರೀಕ್ಷೆ ಮಾಡುತ್ತಾ ಕಣ್ಣಿಟ್ಟಿರುವ ದಾರಿಯೂ ಇದೆ. ಇಷ್ಟೆಲ್ಲ ತೊಡಕಿದ್ದರೂ ನಿಮ್ಮ ಜಾಗದಲ್ಲಿ ನಾನಿದ್ದರೆ ಈ ವಾರವೇ ರಕ್ತ ಕೊಡುತ್ತಿದ್ದೆ.

ತಡೆಯುವ ಔಷಧಿಯೇ ಇಲ್ಲವಾ ಅಂದರೆ, ಒಂದು ಇದೆ, ಆದರೆ ಅದು ಖನಿಜ ಅಲ್ಲ. ಫಿನಾಸ್ಟೆರೈಡ್. 18,882 ಗಂಡಸರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಸುಮಾರು ಕಾಲು ಭಾಗ ಕಡಿಮೆಯಾಯಿತು. ಮುಂದೆ 18 ವರ್ಷದ ಲೆಕ್ಕ ನೋಡಿದಾಗ ಆಯಸ್ಸಿನಲ್ಲಿ ವ್ಯತ್ಯಾಸ ಇರಲಿಲ್ಲ. ಕೆಲವರಿಗೆ ಲೈಂಗಿಕ ಆಸಕ್ತಿ ಕುಗ್ಗುತ್ತದೆ. ಪಿಎಸ್‌ಎಯನ್ನು ಅರ್ಧಕ್ಕೆ ಇಳಿಸುತ್ತದೆ, ಅದು ತಿಳಿಯದೆ ರಿಪೋರ್ಟ್ ಓದಿದರೆ ಮೋಸ ಹೋಗುತ್ತೇವೆ. ಕ್ಯಾನ್ಸರ್ ತಡೆಯಲು ಅಂತ ನಾನು ಅದನ್ನು ಬರೆಯುವುದಿಲ್ಲ. ತಲೆಗೂದಲಿಗೆ ಅಂತ ಯಾರಾದರೂ ಅದೇ ಔಷಧಿ ಕೊಟ್ಟಿದ್ದರೆ ಪರೀಕ್ಷೆಗೆ ಮೊದಲೇ ಹೇಳಿಬಿಡಿ. ಹೊಟ್ಟೆ ಇಳಿಸುವುದು, ಬೀಡಿ ಸಿಗರೇಟು ಇದ್ದರೆ ಬಿಡುವುದು, ಇವು ಹಳೇ ಮಾತಾದರೂ ಕ್ಯಾನ್ಸರ್ ಬಲಿಯುವುದಕ್ಕೂ ಇವಕ್ಕೂ ನಂಟಿದೆ. ಸೆಲೆನಿಯಂ ಮಾತ್ರೆ ಇಷ್ಟನ್ನೂ ತೋರಿಸಿಕೊಟ್ಟಿಲ್ಲ.

ನೀವು ಮಾಡಬೇಕಾದ್ದು ಇಷ್ಟು. ಮಗ ಕಳಿಸಿದ ಡಬ್ಬಿ, ಜಿಂಕ್ 50, ಎರಡನ್ನೂ ಇವತ್ತೇ ನಿಲ್ಲಿಸಿ, ನಿಧಾನವಾಗಿ ಇಳಿಸಬೇಕಾದ ಔಷಧಿಗಳಲ್ಲ ಇವು. ಮಲ್ಟಿವಿಟಮಿನ್ ಯಾಕೆ ಶುರುವಾಯಿತು ಅಂತ ನೆನಪಿಲ್ಲದಿದ್ದರೆ ಅದನ್ನೂ ಬಿಡಬಹುದು. ಇಷ್ಟು ದಿನ ಇಷ್ಟು ಸತು ತಗೊಂಡಿರುವುದರಿಂದ ಒಂದು ರಕ್ತಕಣಗಳ ಎಣಿಕೆ ಮಾಡಿಸಿ. ಅದು ಕಡಿಮೆ ಬಂದರೆ ಅಥವಾ ಪಾದ ಜುಮ್ಮೆನ್ನುತ್ತಿದ್ದರೆ ತಾಮ್ರದ ಮಟ್ಟವನ್ನೂ ನೋಡಿಸಿ. ಪಿಎಸ್‌ಎಗೆ ರಕ್ತ ಕೊಡುವ ಹಿಂದಿನ ಎರಡು ದಿನ ಸೈಕಲ್ ಹೊಡೆಯುವುದು, ಸಂಭೋಗ ಬೇಡ. ಮೂತ್ರದಲ್ಲಿ ಉರಿ, ಜ್ವರ ಇದ್ದರೆ ಅದು ವಾಸಿಯಾಗಿ ಒಂದೂವರೆ ತಿಂಗಳಾದ ಮೇಲೆ ಕೊಡಿ. ಸಾಧ್ಯವಾದರೆ ಹಿಂದೆ ಮಾಡಿಸಿದ ಲ್ಯಾಬಿನಲ್ಲೇ.

ಆಮೇಲೆ ಹತ್ತಿರದ ಯೂರಾಲಜಿಸ್ಟ್ ಹತ್ತಿರ ಹೋಗುವಾಗ ಹಳೇ ರಿಪೋರ್ಟ್, ಹೊಸ ರಿಪೋರ್ಟ್ ಜೊತೆಗೆ ಅಣ್ಣನ ಬಯಾಪ್ಸಿ ರಿಪೋರ್ಟಿನ ಜೆರಾಕ್ಸ್ ಕೂಡ ಇರಲಿ. ಅದರಲ್ಲಿ ಗ್ಲೀಸನ್ ಅಂತ ಒಂದು ಅಂಕಿ ಬರೆದಿರುತ್ತಾರೆ, ಕ್ಯಾನ್ಸರ್ ಎಷ್ಟು ಜೋರಿನದು ಅಂತ ಅದರಿಂದ ಗೊತ್ತಾಗುತ್ತದೆ. ಅದು 8 ಅಥವಾ ಅದಕ್ಕಿಂತ ಮೇಲಿದ್ದರೆ, ಇಲ್ಲವೇ ಮೂಳೆಗೆ ಹರಡಿದ್ದರೆ, ಬಿಆರ್‌ಸಿಎ2 ಎಂಬ ವಂಶವಾಹಿ ಪರೀಕ್ಷೆಯನ್ನು ಮೊದಲು ಅಣ್ಣನಿಗೆ ಮಾಡಿಸುವ ಮಾತು ಬರಬಹುದು. ಅದೇ ವಂಶವಾಹಿಯ ದೋಷ ಹೆಂಗಸರಲ್ಲೂ ಕಾಣಿಸಿಕೊಳ್ಳುವುದರಿಂದ, ನಿಮ್ಮ ತಾಯಿ, ಅಕ್ಕತಂಗಿ, ಸೋದರತ್ತೆಯಂದಿರಲ್ಲಿ ಯಾರಿಗಾದರೂ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿತ್ತೇ ಅಂತಲೂ ಅಲ್ಲಿ ಕೇಳುತ್ತಾರೆ. ಗಂಡಸರಿಗೆ ಇದು ಎಷ್ಟೋ ಸಲ ಗೊತ್ತೇ ಇರುವುದಿಲ್ಲ, ಹೊರಡುವ ಮೊದಲು ಮನೆಯ ಹೆಂಗಸರನ್ನು ಕೇಳಿಕೊಂಡು ಹೋಗಿ.